ಎಣ್ಣೆಯ ಮದ್ದು ನೀರಿನಲ್ಲಿ ನಿಲ್ಲಬೇಕಾದರೆ



ಬೆಳೆಗೆ ಬೇವಿನೆಣ್ಣೆ ಹೊಡೆದು ಫಲ ಕಾಣದವರೂ, ಫಲಕ್ಕೆ ಬದಲಾಗಿ ಎಲೆ ಸುಟ್ಟುಕೊಂಡವರೂ ನಮ್ಮ ಸೀಮೆಯಲ್ಲಿ ಕಡಿಮೆಯೇನಿಲ್ಲ. ರಾಯದುರ್ಗದ ಕಡೆಯವರು ಶೇಂಗಾ ಎನ್ನುತ್ತಾರೆ, ಮಡಕಶಿರದ ಕಡೆಯವರು ಕಡಲೆಕಾಯಿ ಎನ್ನುತ್ತಾರೆ. ದೂರು ಮಾತ್ರ ಎರಡು ಕಡೆಯೂ ಒಂದೇ: "ಎಣ್ಣೆ ಕಲಬೆರಕೆಯದು, ಅಂಗಡಿಯವನು ಮೋಸ ಮಾಡಿದ." ಕಲಬೆರಕೆ ಇರಲಾರದೆಂದು ನಾವು ಹೇಳುವುದಿಲ್ಲ. ಆದರೆ ಅನೇಕ ಸಲ ತಪ್ಪು ಎಣ್ಣೆಯದಲ್ಲ, ಅದನ್ನು ನೀರಿಗೆ ಬೆರೆಸಿದ ಬಗೆಯದು.

ಪಂಪಿನ ಡಬ್ಬಕ್ಕೆ ನೀರು ತುಂಬಿ ಮೇಲೆ ಎಣ್ಣೆ ಸುರಿದು ಕೋಲಿನಿಂದ ನಾಲ್ಕು ಸುತ್ತು ತಿರುಗಿಸಿದರೆ ಬೆರೆತಂತೆ ಕಾಣುತ್ತದೆ. ಬೆನ್ನಿಗೇರಿಸಿ ಹೊಲ ತಲುಪುವಷ್ಟರಲ್ಲಿ ಎಣ್ಣೆಯೆಲ್ಲ ಮೇಲೆದ್ದು ನಿಂತಿರುತ್ತದೆ. ಪಂಪು ಎಳೆಯುವುದು ತಳದಿಂದ. ಆದಕಾರಣ ಮೊದಲ ಸಾಲುಗಳಿಗೆ ಬೀಳುವುದು ಬರಿಯ ನೀರು. ಡಬ್ಬ ಬರಿದಾಗುವ ಹೊತ್ತಿನ ಕೊನೆಯ ಸಾಲಿಗೆ ಬೀಳುವುದು ಬಹುಮಟ್ಟಿಗೆ ಎಣ್ಣೆ. ಮೊದಲ ಸಾಲಿನಲ್ಲಿ ಹುಳು ಸಾಯುವುದಿಲ್ಲ, ಕೊನೆಯ ಸಾಲಿನಲ್ಲಿ ಗಿಡ ಉಳಿಯುವುದಿಲ್ಲ. ಎಣ್ಣೆಯ ದುಡ್ಡೂ ಹೋಯಿತು, ಆಳಿನ ಕೂಲಿಯೂ ಹೋಯಿತು.

ಇದೇ ತೊಡಕು ದೊಡ್ಡ ದೊಡ್ಡ ಆಸ್ಪತ್ರೆಗಳ ಮದ್ದಿಗೂ ಉಂಟೆಂದರೆ ಕೆಲವರು ನಂಬಲಾರರು. ಮನುಷ್ಯನ ರಕ್ತವೂ ಕರುಳಿನ ರಸವೂ ಬಹುಪಾಲು ನೀರೇ. ಆದರೆ ಒಳ್ಳೆಯ ಮದ್ದುಗಳಲ್ಲಿ ಅನೇಕವು ನೀರಿನಲ್ಲಿ ಕರಗುವುದೇ ಇಲ್ಲ, ಎಣ್ಣೆಯಲ್ಲಿ ಮಾತ್ರ ಕರಗುತ್ತವೆ. ನುಂಗಿದರೆ ಕರುಳಿನಲ್ಲಿ ಹಾಗೆಯೇ ಸಾಗಿ ಹೊರಗೆ ಹೋಗುತ್ತವೆ. ಇವನ್ನು ನೀರಿಗೆ ಹೊಂದಿಸುವುದು ಹೇಗೆ ಎಂಬುದಕ್ಕೆ ವಿಜ್ಞಾನಿಗಳು ಕಂಡ ದಾರಿಗಳಲ್ಲಿ ಒಂದು ನ್ಯಾನೋ ಎಮಲ್ಷನ್. ಹೆಸರು ಹೊಸದು, ಅದರ ಮೂಲ ತತ್ತ್ವ ನಮ್ಮ ಅಡಿಗೆಮನೆಯಲ್ಲೇ ಇದೆ. ಅದನ್ನು ತಿಳಿದುಕೊಂಡರೆ ಪಂಪಿನ ಡಬ್ಬದ ತೊಡಕೂ ಬಿಡಿಸುತ್ತದೆ.

ಎಮಲ್ಷನ್ ಎಂದರೆ ಎಣ್ಣೆಯು ಸಣ್ಣ ಸಣ್ಣ ಹನಿಗಳಾಗಿ ನೀರಿನಲ್ಲಿ ಹರಡಿ ನಿಂತಿರತಕ್ಕ ಬೆರಕೆ. ನಮಗೆಲ್ಲ ಗೊತ್ತಿರುವ ಎಮಲ್ಷನ್ ಹಾಲು. ಹಾಲಿನ ಜಿಡ್ಡು ನೀರಿನಲ್ಲಿ ಕರಗಿಲ್ಲ, ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಪಾಲಿನಷ್ಟು ಗಾತ್ರದ ಹನಿಗಳಾಗಿ ತೇಲುತ್ತಿದೆ. ಪ್ರತಿ ಹನಿಗೂ ತೆಳುವಾದ ಒಂದು ಪೊರೆ ಉಂಟು. ಆ ಪೊರೆ ಇರುವವರೆಗೆ ಹನಿ ಹನಿಗೆ ತಾಗಿದರೂ ಕೂಡಿಕೊಳ್ಳುವುದಿಲ್ಲ. ಮನೆಯಲ್ಲಿ ಮೊಸರು ಕಡೆಯುವ ತಾಯಂದಿರು ಮಾಡುವ ಕೆಲಸವೇನು? ಕಡಗೋಲಿನ ಪೆಟ್ಟಿನಿಂದ ಪೊರೆ ಹರಿದು, ಹನಿಗಳನ್ನು ಒಂದುಗೂಡಿಸಿ ಬೆಣ್ಣೆ ತೆಗೆಯುತ್ತಾರೆ. ಎಮಲ್ಷನ್ ಒಡೆಯುವ ವಿದ್ಯೆ ಅವರಿಗೆ ಕೈಗತ. ನಮಗೆ ಈಗ ಬೇಕಾದುದು ಅದರ ತಲೆಕೆಳಗು, ಒಡೆಯದಂತೆ ಕಾಯುವ ವಿದ್ಯೆ.

ಹಸುವಿನ ಹಾಲನ್ನು ಇಟ್ಟರೆ ಕೆಲವು ತಾಸಿನಲ್ಲಿ ಕೆನೆ ಮೇಲೇಳುತ್ತದೆ, ಮೇಕೆಯ ಹಾಲಿನಲ್ಲಿ ಅಷ್ಟು ಬೇಗ ಏಳುವುದಿಲ್ಲ. ಕುರಿಮೇಕೆ ಸಾಕುವ ಮನೆಗಳಲ್ಲಿ ಇದನ್ನು ನೋಡಿಯೇ ಇರುತ್ತಾರೆ. ಮೇಕೆಯ ಹಾಲಿನ ಜಿಡ್ಡಿನ ಹನಿಗಳು ಚಿಕ್ಕವು ಎಂಬುದು ಇದಕ್ಕೆ ಒಂದು ಕಾರಣ. ಹನಿಯ ಅಡ್ಡಳತೆ ಹತ್ತರಲ್ಲಿ ಒಂದು ಪಾಲಾದರೆ ಅದು ಮೇಲೇಳುವ ವೇಗ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇನ್ನೂ ಚಿಕ್ಕದು ಮಾಡುತ್ತಾ ಹೋದರೆ ಒಂದು ಹಂತದಲ್ಲಿ ನೀರಿನ ಕಣಗಳೇ ಎಲ್ಲ ಕಡೆಯಿಂದಲೂ ತಳ್ಳಾಡಿ, ಹನಿ ಮೇಲೇಳುವುದನ್ನೇ ಮರೆತುಬಿಡುತ್ತದೆ. ಸುಮಾರು 20ರಿಂದ 200 ನ್ಯಾನೋಮೀಟರ್ ಗಾತ್ರದ ಇಂಥ ಹನಿಗಳ ಬೆರಕೆಯೇ ನ್ಯಾನೋ ಎಮಲ್ಷನ್. ಒಂದು ಮಿಲಿಮೀಟರಿಗೆ 10 ಲಕ್ಷ ನ್ಯಾನೋಮೀಟರ್. 100 ನ್ಯಾನೋಮೀಟರಿನ ಹನಿಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿದರೆ ದಪ್ಪನೆಯ ಒಂದು ತಲೆಗೂದಲಿನ ಅಗಲಕ್ಕೆ ಸುಮಾರು ಸಾವಿರ ಹನಿ ಹಿಡಿಯುತ್ತವೆ. ಬೆಳಕಿನ ಅಲೆಗಿಂತಲೂ ಚಿಕ್ಕವಾದ್ದರಿಂದ ಇಂಥ ಬೆರಕೆಯಲ್ಲಿ ಬಹಳ ಸಣ್ಣ ಹನಿಯದು ಹಾಲಿನಂತೆ ಬೆಳ್ಳಗಿರದೆ, ನಸುನೀಲಿ ಛಾಯೆಯ ತಿಳಿಯಾಗಿ ಕಾಣುತ್ತದೆ.

ಚಿಕ್ಕದಾಗುವುದರಿಂದ ಇನ್ನೊಂದು ಲಾಭ. ಒಂದು ಮಿಲಿಲೀಟರ್ ಎಣ್ಣೆಯನ್ನು ಒಂದೇ ಹನಿಯಾಗಿ ಇಟ್ಟರೆ ಅದರ ಮೈ ಐದು ಚದರ ಸೆಂಟಿಮೀಟರೂ ಇಲ್ಲ. ಅದನ್ನೇ 100 ನ್ಯಾನೋಮೀಟರಿನ ಹನಿಗಳಾಗಿ ಒಡೆದರೆ ಎಲ್ಲವುಗಳ ಮೈ ಸೇರಿ 60 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೂವರೆ ಸೆಂಟು ನೆಲ! ಮದ್ದು ಹೊರಗೆ ಬರುವುದು ಹನಿಯ ಮೈಯಿಂದಲೇ ಆದಕಾರಣ, ಮೈ ಹೆಚ್ಚಿದಷ್ಟೂ ಮದ್ದು ಬೇಗ ಹತ್ತುತ್ತದೆ.

ಹನಿಗೆ ಪೊರೆ ಕಟ್ಟುವ ವಸ್ತು ಯಾವುದು? ಸಾಬೂನು ಅಂಥದೊಂದು. ಅದರ ಕಣದ ಒಂದು ತುದಿಗೆ ನೀರೆಂದರೆ ಪ್ರೀತಿ, ಇನ್ನೊಂದು ತುದಿಗೆ ಎಣ್ಣೆ ಎಂದರೆ ಪ್ರೀತಿ. ಎರಡರ ನಡುವಿನ ಗಡಿಯಲ್ಲಿ ಒಂದು ಕಾಲು ಅತ್ತ, ಒಂದು ಕಾಲು ಇತ್ತ ಇಟ್ಟು ನಿಲ್ಲುತ್ತದೆ. ಗಡಿಯ ಮೇಲೆ ಬಾಳುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಹೊಟ್ಟೆಯಲ್ಲಿ ಈ ಕೆಲಸವನ್ನು ಪಿತ್ತರಸ ಮಾಡುತ್ತದೆ. ಉಂಡ ತುಪ್ಪ ಅರಗುವುದು ಪಿತ್ತವು ಅದನ್ನು ಸಣ್ಣ ಹನಿಗಳಾಗಿ ಹಿಡಿದಿಡುವುದರಿಂದ. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಎಂಬುದೂ ಇದೇ ಜಾತಿಯದು.

ಸ್ವೀಡನ್ ದೇಶದ ಆರ್ವಿಡ್ ವ್ರೆಟ್‌ಲಿಂಡ್ ಎಂಬ ವೈದ್ಯ ವಿಜ್ಞಾನಿ 1960ರ ದಶಕದ ಆರಂಭದಲ್ಲಿ ಸೋಯಾ ಎಣ್ಣೆಯನ್ನು ಈ ಲೆಸಿಥಿನ್‌ನಿಂದ ನೀರಿನಲ್ಲಿ ನಿಲ್ಲಿಸಿ, ಬಾಯಿಂದ ಉಣ್ಣಲಾರದ ರೋಗಿಗಳ ರಕ್ತನಾಳಕ್ಕೇ ಕೊಡುವಂತೆ ಮಾಡಿದರು. ಅದೇ ಇಂಟ್ರಾಲಿಪಿಡ್. ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವು ತಪ್ಪಿಸಲು ಕೊಡುವ ಪ್ರೊಪೊಫಾಲ್ ಕೂಡ ನೀರಿನಲ್ಲಿ ಕರಗದ ಮದ್ದು. ಮೊದಲು ಅದನ್ನು ಬೇರೊಂದು ವಸ್ತುವಿನಲ್ಲಿ ಕರಗಿಸಿ ಕೊಟ್ಟು ನೋಡಿದಾಗ ಕೆಲವರಿಗೆ ಆ ವಸ್ತುವೇ ಒಗ್ಗದೆ ಅಪಾಯವಾಯಿತು. ಮತ್ತೆ ಸೋಯಾ ಎಣ್ಣೆಯ ಎಮಲ್ಷನ್ ಮಾಡಿ 1986ರಲ್ಲಿ ಬಳಕೆಗೆ ತಂದರು. ಆಸ್ಪತ್ರೆಯಲ್ಲಿ ಸೂಜಿಯಲ್ಲಿ ಹಾಲಿನಂತೆ ಬೆಳ್ಳಗೆ ಕಾಣುವುದು ಅದೇ. ಮೂತ್ರಪಿಂಡ ಬದಲಾಯಿಸಿಕೊಂಡವರು ನುಂಗುವ ಸೈಕ್ಲೋಸ್ಪೋರಿನ್ ಎಂಬ ಮದ್ದಿನ ಕಥೆ ಇನ್ನೂ ಸ್ವಾರಸ್ಯದ್ದು. ಹಳೆಯ ಎಣ್ಣೆಯ ರೂಪದಲ್ಲಿ ಅದು ಮೈಗೆ ಹತ್ತುವುದು ರೋಗಿಯ ಊಟವನ್ನೂ ಪಿತ್ತವನ್ನೂ ಅನುಸರಿಸಿ ಹೆಚ್ಚುಕಡಿಮೆ ಆಗುತ್ತಿತ್ತು. 1995ರ ಸುಮಾರಿಗೆ ಬಂದ ಹೊಸ ರೂಪದಲ್ಲಿ ಮದ್ದು, ಎಣ್ಣೆ, ಪೊರೆ ಕಟ್ಟುವ ವಸ್ತು ಮೂರನ್ನೂ ಗುಳಿಗೆಯಲ್ಲೇ ತುಂಬಿದರು. ಹೊಟ್ಟೆಯ ನೀರು ತಾಗಿದೊಡನೆ ಅದು ತಾನಾಗಿ ಅತಿ ಸಣ್ಣ ಹನಿಗಳಾಗಿ ಬಿಚ್ಚಿಕೊಳ್ಳುತ್ತದೆ. ಅಂಗಡಿಯ ಕೀಟನಾಶಕದ ಡಬ್ಬಿಯ ಮೇಲೆ "ಇ.ಸಿ." ಎಂದು ಬರೆದಿರುವುದನ್ನು ತಾವು ನೋಡಿದ್ದೀರಿ. ನೀರಿಗೆ ಹಾಕಿದೊಡನೆ ಹಾಲಾಗುವ ಆ ಮದ್ದೂ ಇದೇ ಉಪಾಯದ್ದು. ಡಬ್ಬದಲ್ಲಿ ಆಗುವುದೇ ಹೊಟ್ಟೆಯಲ್ಲೂ ಆಗುತ್ತದೆ.

ದನಗಳಿಗೆ ಕಾಲುಬಾಯಿ ರೋಗದ ವಿರುದ್ಧ ಹಾಕುವ ಎಣ್ಣೆಯ ಲಸಿಕೆಯೂ ಎಮಲ್ಷನ್ನೇ. ಅದರ ಹನಿ ನ್ಯಾನೋ ಅಲ್ಲ, ಸ್ವಲ್ಪ ದೊಡ್ಡದು. ಅದನ್ನು 2ರಿಂದ 8 ಡಿಗ್ರಿ ಶೀತದಲ್ಲಿ ಇಡಬೇಕು, ಹೆಪ್ಪುಗಟ್ಟಗೊಡಬಾರದು. ಹೆಪ್ಪುಗಟ್ಟಿ ಕರಗಿದರೆ ಬೆರಕೆ ಒಡೆಯುತ್ತದೆ. ಬಾಟಲಿಯಲ್ಲಿ ಎಣ್ಣೆ ಬೇರೆ, ನೀರು ಬೇರೆಯಾಗಿ ನಿಂತದ್ದು ಕಂಡರೆ ಲಸಿಕೆ ಹಾಕಲು ಬಂದವರಿಗೆ ವಿನಯದಿಂದ ತೋರಿಸಿ ಕೇಳಿರಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಹನಿಯನ್ನು ಇಷ್ಟು ಸಣ್ಣದು ಮಾಡಲು ಎರಡು ಬಗೆ. ಒಂದು ಬಲಪ್ರಯೋಗ: ಬೆರಕೆಯನ್ನು ಭಾರಿ ಒತ್ತಡದಲ್ಲಿ ಸೂಕ್ಷ್ಮವಾದ ಸೀಳಿನಿಂದ ತೂರಿಸುವುದು, ಇಲ್ಲವೆ ಕಿವಿಗೆ ಕೇಳಿಸದ ಶಬ್ದದ ಅಲೆಗಳಿಂದ ಹನಿಗಳನ್ನು ಒಡೆಯುವುದು. ಇನ್ನೊಂದು ಯುಕ್ತಿ: ಎಣ್ಣೆಗೂ ಪೊರೆಯ ವಸ್ತುವಿಗೂ ಮೊದಲು ಬೆರಕೆ ಮಾಡಿ, ಕದಡುತ್ತಾ ನೀರನ್ನು ಸ್ವಲ್ಪಸ್ವಲ್ಪವಾಗಿ ಬಿಡುವುದು. ಮೊದಲು ಎಣ್ಣೆಯೊಳಗೆ ನೀರಿನ ಹನಿ. ನೀರು ಹೆಚ್ಚುತ್ತಾ ಹೋದಂತೆ ಬೆರಕೆ ಗಟ್ಟಿಯಾಗಿ, ಒಂದು ಗಳಿಗೆಯಲ್ಲಿ ಮಗುಚಿಕೊಂಡು ನೀರೊಳಗೆ ಎಣ್ಣೆಯ ಹನಿಯಾಗುತ್ತದೆ. ಮಗುಚುವ ಆ ಗಳಿಗೆಯಲ್ಲಿ ಹನಿಗಳು ಬಹು ಸಣ್ಣವಾಗುತ್ತವೆ. ಈ ಎರಡನೆಯ ಯುಕ್ತಿ ಬಡವನ ಕೈಗೂ ಎಟಕುವಂಥದು. ನ್ಯಾನೋ ಆಗದಿದ್ದರೂ ಚಿಂತೆಯಿಲ್ಲ.

ಮಾಡಿಟ್ಟ ನ್ಯಾನೋ ಎಮಲ್ಷನ್ ಕೆಡುವ ಬಗೆಯೂ ವಿಚಿತ್ರ. ಹನಿಗಳು ತಾಗಿ ಕೂಡಿಕೊಳ್ಳದಿದ್ದರೂ, ಚಿಕ್ಕ ಹನಿಗಳಲ್ಲಿನ ಎಣ್ಣೆ ಕಣಕಣವಾಗಿ ನೀರಿಗಿಳಿದು ದೊಡ್ಡ ಹನಿಗಳನ್ನು ಸೇರುತ್ತದೆ. ಚಿಕ್ಕ ಹಿಡುವಳಿಗಳು ಒಂದೊಂದಾಗಿ ಕರಗಿ ದೊಡ್ಡ ಹಿಡುವಳಿಗೆ ಸೇರುವುದಿಲ್ಲವೇ, ಹಾಗೆ! ಸುವಾಸನೆಯ ಹಗುರ ಎಣ್ಣೆಗಳು ನೀರಿನಲ್ಲಿ ಒಂದಿಷ್ಟು ಕರಗುವುದರಿಂದ ಅವುಗಳಲ್ಲಿ ಇದು ಬೇಗ ಆಗುತ್ತದೆ. ಬೇವು, ಹೊಂಗೆ, ಸೋಯಾ ಮೊದಲಾದ ಭಾರದ ಎಣ್ಣೆಗಳು ನೀರಿಗೆ ಇಳಿಯುವುದೇ ಇಲ್ಲವೆನ್ನಬಹುದು, ಆದ್ದರಿಂದ ಅವು ಬಾಳುತ್ತವೆ. ಹಗುರ ಎಣ್ಣೆಗೆ ಸ್ವಲ್ಪ ಭಾರದ ಎಣ್ಣೆ ಕೂಡಿಸಿ ಬಾಳಿಕೆ ಹೆಚ್ಚಿಸುವುದೂ ಉಂಟು.

ನಮ್ಮ ಬೇವಿನೆಣ್ಣೆಯಿಂದಲೇ ನ್ಯಾನೋ ಎಮಲ್ಷನ್ ಮಾಡಿದವರು ವೆಲ್ಲೂರಿನ ವಿ.ಐ.ಟಿ. ವಿಶ್ವವಿದ್ಯಾಲಯದ ಸಂಶೋಧಕರು. 2012ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಟ್ವೀನ್ 20 ಎಂಬ ಪೊರೆಯ ವಸ್ತುವನ್ನು ಹೆಚ್ಚಿಸುತ್ತಾ ಹೋದಂತೆ ಹನಿ 251 ನ್ಯಾನೋಮೀಟರಿನಿಂದ 31ಕ್ಕೆ ಇಳಿಯಿತು. ಹನಿ ಚಿಕ್ಕದಾದಷ್ಟೂ ಕಡಿಮೆ ಮದ್ದಿಗೇ ಸೊಳ್ಳೆಯ ಮರಿಗಳು ಸತ್ತವು. ಆದರೆ ಒಂದು ಮಾತನ್ನು ಗಮನಿಸಬೇಕು. ಆ 31 ನ್ಯಾನೋಮೀಟರ್ ದೊರಕಿದ್ದು ಎಣ್ಣೆ ಒಂದು ಪಾಲಿಗೆ ಟ್ವೀನ್ ಮೂರು ಪಾಲು ಹಾಕಿದಾಗ. ಪ್ರಯೋಗಶಾಲೆಯ ಬಾಟಲಿಗೆ ಇದು ಸರಿ. ಎಕರೆಗಟ್ಟಲೆ ಶೇಂಗಾಕ್ಕೆ ಎಣ್ಣೆಯ ಮೂರರಷ್ಟು ಬೇರೆ ವಸ್ತು ಕೊಂಡು ಹೊಡೆಯುವುದು ಎಷ್ಟು ಲಾಭವೆಂಬುದನ್ನು ತಾವೇ ಲೆಕ್ಕ ಹಾಕಬಹುದು. 2021ರಲ್ಲಿ ಇಫ್ಕೋದವರ ನ್ಯಾನೋ ಯೂರಿಯಾ ಬಂದಂದಿನಿಂದ "ನ್ಯಾನೋ" ಎಂಬ ಪದ ಹಳ್ಳಿಯ ಅಂಗಡಿಗೂ ಬಂದಿದೆ. ಆ ಯೂರಿಯಾಕ್ಕೂ ಈ ಎಮಲ್ಷನ್ನಿಗೂ ಸಂಬಂಧವಿಲ್ಲ. ಚೀಟಿಯ ಮೇಲೆ ಆ ಪದ ಅಚ್ಚಾಗಿದೆ ಎಂದ ಮಾತ್ರಕ್ಕೆ ಎರಡರಷ್ಟು ಬೆಲೆ ಕೊಡಕೂಡದು. ಹೊಲಕ್ಕೆ ಹಾಲಿನಂತೆ ನಿಲ್ಲುವ ಸಾಧಾರಣ ಎಮಲ್ಷನ್ ಸಾಕು. ಅದು ಡಬ್ಬ ಬರಿದಾಗುವವರೆಗೆ ನಿಲ್ಲಬೇಕು, ಅಷ್ಟೆ.

ಇದರ ಬೆಲೆ ಎಷ್ಟೆಂಬುದನ್ನು ನಮಗಿಂತ ಮುಂಚೆ ಪರದೇಶದವರು ಅರಿತರು. ಅಮೆರಿಕದ ಡಬ್ಲ್ಯು.ಆರ್. ಗ್ರೇಸ್ ಕಂಪನಿಯೂ ಅಲ್ಲಿನ ಕೃಷಿ ಇಲಾಖೆಯೂ ಸೇರಿ ಯೂರೋಪಿನಲ್ಲಿ ಪಡೆದಿದ್ದ ಬೇವಿನ ಪೇಟೆಂಟಿನ ತಿರುಳು ಏನೆಂದು ಬಲ್ಲಿರಾ? ಬೇವಿನೆಣ್ಣೆಗೆ ಪೊರೆ ಕಟ್ಟುವ ವಸ್ತುವನ್ನು ಸೇರಿಸಿ ನೀರಿನಲ್ಲಿ ಬೆರೆಸಿ, ಗಿಡದ ಬೂಷ್ಟು ರೋಗಕ್ಕೆ ಹೊಡೆಯುವುದು! ವಂದನಾ ಶಿವ ಮತ್ತಿತರರು ತಕರಾರು ಹೂಡಿದರು. ಭಾರತದಲ್ಲಿ ಇದು ಮೊದಲೇ ಬಳಕೆಯಲ್ಲಿತ್ತೆಂಬ ಸಾಕ್ಷ್ಯ ಬಂದು 2000ದಲ್ಲಿ ಪೇಟೆಂಟು ರದ್ದಾಯಿತು. ಮೇಲ್ಮನವಿಯೂ 2005ರಲ್ಲಿ ವಜಾ ಆಯಿತು.

ನಮ್ಮ ನೀರಿನ ಗುಣ

ಈಗ ನಮ್ಮ ಡಬ್ಬಕ್ಕೆ ಬರೋಣ. ಪುಸ್ತಕದಲ್ಲಿ ಬರೆದಂತೆ ಸಾಬೂನು ಹಾಕಿಯೂ ಎಣ್ಣೆ ನಿಲ್ಲಲಿಲ್ಲ ಎನ್ನುವವರಿಗೆ ಉತ್ತರ ಅವರ ಬೋರಿನಲ್ಲಿದೆ. ಅನಂತಪುರ ಸೀಮೆಯ ಬೋರಿನ ನೀರು ಬಹಳ ಕಡೆ ಗಡಸು. ಅದರಲ್ಲಿ ಸುಣ್ಣದಂಶವೂ ಮೆಗ್ನೀಸಿಯಮ್ ಅಂಶವೂ ಇರುತ್ತವೆ. ಅವು ಸಾಬೂನನ್ನು ಹಿಡಿದು ಬಿಳಿಯ ಗಸಿ ಮಾಡಿಬಿಡುತ್ತವೆ. ಸ್ನಾನದ ಬಕೀಟಿನ ಅಂಚಿಗೆ ಅಂಟುವ ಜಿಗುಟು ಗಸಿ ಅದೇ. ಸಾಬೂನು ಗಸಿಯಾಗಿ ಹೋದ ಮೇಲೆ ಎಣ್ಣೆಯ ಹನಿಗೆ ಪೊರೆ ಕಟ್ಟುವವರಾರು? ಅಲ್ಲದೆ ಆ ಗಸಿ ಪಂಪಿನ ನಾಜಲಿಗೂ ಸಿಕ್ಕಿಕೊಳ್ಳುತ್ತದೆ.

ಆದ್ದರಿಂದ ಮದ್ದು ಬೆರೆಸಲು ಮಳೆಯ ನೀರು ಅಥವಾ ಕೆರೆಯ ತಿಳಿನೀರು ದೊರೆತರೆ ಅದನ್ನೇ ಬಳಸುವುದು ಮೇಲು. ದೊರೆಯದಿದ್ದರೆ ಸಾಬೂನಿಗೆ ಬದಲು ಅಂಟುವಾಳದ ರಸ ಹಾಕಿ ನೋಡಿರಿ. ಗಡಸು ನೀರಿನಲ್ಲೂ ಅದು ಸಾಬೂನಿನಂತೆ ಗಸಿಗಟ್ಟದೆ ನೊರೆ ಕೊಡುತ್ತದೆ. ಕಾಯಿಯ ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ, ಬಟ್ಟೆಯಲ್ಲಿ ಸೋಸಬೇಕು. ಬಟ್ಟೆ ತೊಳೆಯುವ ಪುಡಿಯೂ ಗಡಸು ನೀರಿಗೆ ಸಾಬೂನಿಗಿಂತ ಹೆಚ್ಚು ಹೊಂದುತ್ತದೆ, ಆದರೆ ಅದರಲ್ಲಿನ ಸೋಡಾ ಎಲೆಯನ್ನು ಸುಡಬಲ್ಲದು. ಹಾಕಲೇಬೇಕಾದರೆ ಚಿಟಿಕೆಯ ಲೆಕ್ಕದಲ್ಲಿ ಹಾಕಿರಿ.

ಬೆರೆಸುವ ಕ್ರಮ

15 ಲೀಟರಿನ ಡಬ್ಬಕ್ಕೆ, ಲೀಟರಿಗೆ 5 ಮಿ.ಲೀ. ಪ್ರಕಾರ 75 ಮಿ.ಲೀ. ಬೇವಿನೆಣ್ಣೆ. ಚಳಿಗಾಲದಲ್ಲಿ ಎಣ್ಣೆ ಹೆಪ್ಪಾಗಿರುತ್ತದೆ, ಬಿಸಿಲಿನಲ್ಲಿಟ್ಟು ತಿಳಿಯಾಗಿಸಿಕೊಳ್ಳಿ. ಒಂದು ಚೊಂಬಿನಲ್ಲಿ ಎಣ್ಣೆಗೆ 15 ಮಿ.ಲೀ. ನೀರುಸಾಬೂನು ಹಾಕಿ ಚೆನ್ನಾಗಿ ಕಡೆಯಿರಿ. ಅಂಟುವಾಳವಾದರೆ ರಸ ಗಟ್ಟಿಯಾಗಿರಬೇಕು, ಸ್ವಲ್ಪ ಹೆಚ್ಚೇ ಬೇಕಾದೀತು. ಬಳಿಕ ಕಡೆಯುತ್ತಲೇ ಚಮಚೆ ಚಮಚೆಯಾಗಿ ನೀರು ಬಿಡಿ. ಬೆರಕೆ ಮೊದಲು ಗಟ್ಟಿಯಾಗಿ, ಆಮೇಲೆ ಬೆಳ್ಳಗಾಗಿ ಸಡಿಲಾಗುತ್ತದೆ. ಮೇಲೆ ಹೇಳಿದ ಮಗುಚುವ ಗಳಿಗೆ ಅದೇ. ಅನಂತರ ಒಂದು ಚೊಂಬು ನೀರು ಕೂಡಿಸಿ, ಅರ್ಧ ನೀರು ತುಂಬಿದ ಡಬ್ಬಕ್ಕೆ ಸೋಸಿ ಹಾಕಿ, ಉಳಿದ ನೀರು ತುಂಬಿರಿ. ಅವಸರದಿಂದ ಒಮ್ಮೆಗೇ ನೀರು ಸುರಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಬೆರಕೆ ನಿಲ್ಲುವುದೋ ಇಲ್ಲವೋ ಎಂಬುದನ್ನು ಹೊಲಕ್ಕೆ ಹೋಗುವ ಮುಂಚೆಯೇ ನೋಡಬಹುದು. ಇ.ಸಿ. ಮದ್ದುಗಳಿಗೆ ಭಾರತೀಯ ಮಾನಕ ಸಂಸ್ಥೆಯವರು ಇಟ್ಟಿರುವ ಪರೀಕ್ಷೆ ಹೀಗಿದೆ: 5 ಮಿ.ಲೀ. ಮದ್ದಿಗೆ ಗೊತ್ತಾದ ಗಡಸುತನದ ನೀರು ಬೆರೆಸಿ 100 ಮಿ.ಲೀ. ಮಾಡಿ, 30 ಡಿಗ್ರಿ ಶಾಖದಲ್ಲಿ ಒಂದು ತಾಸು ಅಲ್ಲಾಡಿಸದೆ ಇಡುತ್ತಾರೆ. ಮೇಲೆ ಎದ್ದ ಕೆನೆ, ತಳಕ್ಕೆ ಇಳಿದ ಗಸಿ ಎರಡೂ ಸೇರಿ 2 ಮಿ.ಲೀ. ಮೀರಕೂಡದು. ಇದನ್ನು ನಾವು ತಿಳಿಗಾಜಿನ ಒಂದು ಖಾಲಿ ಬಾಟಲಿಯಲ್ಲಿ ನಮ್ಮದೇ ಬೋರಿನ ನೀರಿನಿಂದ ಮಾಡಬಹುದು. ಅಂಗಡಿಯಿಂದ ತಂದ ಬೇವಿನ ಮದ್ದಿಗೂ ಇದು ಸಲ್ಲುತ್ತದೆ. ಡಬ್ಬಿಯ ಚೀಟಿ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇದ್ದೀತು. ಬಾಟಲಿಯ ಪರೀಕ್ಷೆಗೆ ಭಾಷೆ ಬೇಕಾಗಿಲ್ಲ. ಒಂದು ತಾಸಿನಲ್ಲಿ ಎಣ್ಣೆ ಬೆರಳಗಲ ಮೇಲೆದ್ದು ನಿಂತರೆ ಆ ಮದ್ದನ್ನು ಆ ನೀರಿನಲ್ಲಿ ಹೊಡೆಯಕೂಡದು.

ಪರೀಕ್ಷೆಯಲ್ಲಿ ಗೆದ್ದ ಬೆರಕೆಯನ್ನೂ ಮೊದಲು ಹತ್ತು ಗಿಡಕ್ಕೆ ಹೊಡೆದು ಎರಡು ದಿನ ಕಾಯಿರಿ. ಬೇವಿನ ಸತ್ತ್ವ ಬಿಸಿಲಿಗೆ ಕೆಡುವುದರಿಂದ ಸಂಜೆ ಹೊತ್ತು ಹೊಡೆಯುವುದು ಸೂಕ್ತ. ಅಂದು ಬೆರೆಸಿದ್ದನ್ನು ಅಂದೇ ಮುಗಿಸಬೇಕು. ರಾತ್ರಿ ಇಟ್ಟ ಬೆರಕೆಯನ್ನು ಮರುದಿನ ಎಷ್ಟು ಕದಡಿದರೂ ಹಿಂದಿನ ಹದಕ್ಕೆ ಬರಲಾರದು.

ಹನಿ ಚಿಕ್ಕದಾದಷ್ಟೂ ಮದ್ದಿನ ಬಲ ಹೆಚ್ಚು ಎಂದೆವು. ವಿಷದ ಬಲವೂ ಹಾಗೆಯೇ. ಬೇವಿನೆಣ್ಣೆ ಕುಡಿಸಿದ ಎಳೆಯ ಮಕ್ಕಳು ಪ್ರಾಣಾಪಾಯಕ್ಕೆ ಸಿಕ್ಕಿದ ಉದಾಹರಣೆಗಳನ್ನು ವೈದ್ಯರು ಬರೆದಿಟ್ಟಿದ್ದಾರೆ. ನೀರಿನಲ್ಲಿ ಹದವಾಗಿ ಬೆರೆತ ಎಣ್ಣೆ ನೋಡಲು ಹಾಲಿನಂತೆಯೇ ಇರುತ್ತದೆಂಬುದನ್ನು ಮರೆಯದೆ, ಆ ಚೊಂಬು, ಬಾಟಲಿಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡತಕ್ಕದ್ದು. ಎಣ್ಣೆಯ ಮದ್ದನ್ನು ಮನೆಯಲ್ಲೇ ಬೆರೆಸಿ ಕುಡಿಯುವ ಗೋಜಿಗಂತೂ ಹೋಗಲೇಬೇಡಿ. ರಕ್ತನಾಳಕ್ಕೆ ಕೊಡುವ ಎಮಲ್ಷನ್ನಿನಲ್ಲಿ ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲಿಗಿಂತ ದೊಡ್ಡ ಹನಿಗಳು ಹೆಚ್ಚಿದ್ದರೆ ಶ್ವಾಸಕೋಶದ ಕಿರುನಾಳಗಳಿಗೆ ಅಡ್ಡ ಕೂರಬಹುದು. ಅಮೆರಿಕದ ಔಷಧ ಸಂಹಿತೆಯ ಪ್ರಕಾರ ಒಟ್ಟು ಜಿಡ್ಡಿನ ನೂರರಲ್ಲಿ 0.05 ಪಾಲಿಗಿಂತ ಹೆಚ್ಚು ಅಂಥ ಹನಿಗಳಲ್ಲಿ ಇರಕೂಡದು. ಅಷ್ಟು ಕಟ್ಟುನಿಟ್ಟಿನ ಕೆಲಸ ಅದು.

ಮಡಕಶಿರ, ಅಮರಾಪುರ, ಅಗಳಿ ಕಡೆಯ ರೇಷ್ಮೆ ಬೆಳೆಗಾರರಿಗೆ ಬೇರೆಯಾಗಿಯೇ ಒಂದು ಮಾತು. ಮಡಕಶಿರ 2022ರ ಏಪ್ರಿಲಿನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಕಚೇರಿಗಳ ವಿಳಾಸ ಬದಲಾದರೂ ಹುಳುವಿನ ಸ್ವಭಾವ ಬದಲಾಗಿಲ್ಲ. ಬೇವಿನ ಸತ್ತ್ವ ಹುಳುವಿನ ಪೊರೆ ಕಳಚುವ ಕ್ರಮವನ್ನೇ ಕೆಡಿಸುತ್ತದೆ. ಬೆಳೆಯ ಹುಳುವಿಗೆ ಆಗುವುದು ರೇಷ್ಮೆ ಹುಳುವಿಗೂ ಆಗುತ್ತದೆ. ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಕಡಲೆಕಾಯಿ ಇದ್ದರೆ ಗಾಳಿ ತೋಟದ ಕಡೆ ಬೀಸುವಾಗ ಹೊಡೆಯಬೇಡಿ. ತೋಟಕ್ಕೇ ಹೊಡೆಯಬೇಕಾದಾಗ, ಎಷ್ಟು ದಿನ ಬಿಟ್ಟು ಸೊಪ್ಪು ಕೊಯ್ಯಬೇಕೆಂದು ರೇಷ್ಮೆ ಇಲಾಖೆಯವರನ್ನು ಮೊದಲೇ ಕೇಳಿಕೊಳ್ಳಿ. ಪಂಪು, ಚೊಂಬುಗಳನ್ನು ಕೆರೆಯಲ್ಲಿ ತೊಳೆಯಬೇಡಿ. ಅಂಟುವಾಳದ ನೊರೆ ಮೀನಿಗೆ ವಿಷ. ತೊಳೆದ ನೀರನ್ನು ಬದುವಿನ ಆಚೆ, ಬೆಳೆಯಿಲ್ಲದ ಒಣನೆಲಕ್ಕೆ ಚೆಲ್ಲಿರಿ.